ಬ್ಯಾರನ್ನಿನ ಬಿಸಿ ಬಲ್ಲವನಿಗೆ ಏಸಿಯ ತಂಪು ಕಲಿಸಲಾರಿರಾ?

ಕನ್ನಡದ ತರುಣರೇ, ಮೊದಲು ಒಂದು ಮನೆಯ ಕಥೆ ಕೇಳಿ.

ಹೋದ ಬೇಸಿಗೆಯಲ್ಲಿ ಮೈಸೂರಿನ ನಮ್ಮ ದೊಡ್ಡಮ್ಮನ ಮನೆಯ ಏಸಿ ಕೈಕೊಟ್ಟಿತು. ಕಂಪನಿಗೆ ಫೋನ್ ಮಾಡಿದರೆ ಮೊದಲು ಹಿಂದಿ, ಆಮೇಲೆ ಇಂಗ್ಲಿಷ್. ಕನ್ನಡಕ್ಕೆ ಯಾವ ಗುಂಡಿ ಒತ್ತಬೇಕೋ ಚಾಮುಂಡಿಗೇ ಗೊತ್ತು! ಎರಡು ದಿನ ಬಿಟ್ಟು ಒಬ್ಬ ಹುಡುಗ ಬಂದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಉತ್ತರ ಪ್ರದೇಶದ ಯಾವುದೋ ಹಳ್ಳಿಯವನು. ಅವನಿಗೆ ಕನ್ನಡ ಬಾರದು, ದೊಡ್ಡಮ್ಮನಿಗೆ ಹಿಂದಿ ಬಾರದು. "ಗ್ಯಾಸ್ ಖತಮ್" ಅಂದ. ಅಷ್ಟು ಮಾತ್ರ ಅರ್ಥವಾಯಿತು. ಸಾವಿರಾರು ರೂಪಾಯಿ ಕೊಟ್ಟು ಗ್ಯಾಸ್ ತುಂಬಿಸಿದ್ದಾಯಿತು. ಇಪ್ಪತ್ತು ದಿನಕ್ಕೆ ಮತ್ತೆ ಅದೇ ಬಿಸಿಗಾಳಿ, ಮತ್ತೆ ಅದೇ "ಗ್ಯಾಸ್ ಖತಮ್".

ಏಸಿಯೊಳಗಿನ ಗ್ಯಾಸ್ ಅಡುಗೆಮನೆಯ ಸಿಲಿಂಡರಿನ ಗ್ಯಾಸಿನಂತೆ ಉರಿದು ಮುಗಿಯುವ ಪದಾರ್ಥವಲ್ಲ. ಅದು ತಾಮ್ರದ ಕೊಳವೆಯೊಳಗೆ ಸುತ್ತಿದ್ದನ್ನೇ ಸುತ್ತುತ್ತಿರುತ್ತದೆ, ಗಾಣದ ಎತ್ತಿನ ಹಾಗೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದರ್ಥ. ಸೋರುವ ಜಾಗ ಹುಡುಕಿ, ಬೆಸುಗೆ ಹಾಕಿ, ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ತೇವವನ್ನೆಲ್ಲ ಎಳೆದು, ಆಮೇಲೆ ಕಂಪನಿ ಬರೆದಿರುವಷ್ಟೇ ತೂಕದ ಗ್ಯಾಸ್ ಹಾಕಬೇಕು. ಇದನ್ನು ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳುವವರಿರಲಿಲ್ಲ. ಆ ಹುಡುಗನಿಗಾದರೂ ಅವನ ಭಾಷೆಯಲ್ಲಿ ಯಾರಾದರೂ ಸರಿಯಾಗಿ ಹೇಳಿಕೊಟ್ಟಿದ್ದರೋ ಇಲ್ಲವೋ.

ಅವನ ಮೇಲೆ ಹಾರಾಡುವುದು ಸುಲಭ. ನಮ್ಮಲ್ಲೇ ಕೆಲವರು ಹಾಗೆ ಹಾರಾಡಿ, ವಿಡಿಯೋ ಮಾಡಿ ಚಪ್ಪಾಳೆ ಗಿಟ್ಟಿಸುತ್ತಾರೆ. ಈ ಲೇಖನ ಅದಕ್ಕಲ್ಲ. ಹೊಟ್ಟೆಪಾಡಿಗೆ ಬಂದ ಬಡವನ ಕೊರಳಪಟ್ಟಿ ಹಿಡಿಯುವುದು ಕನ್ನಡಾಭಿಮಾನವಲ್ಲ. ನಮ್ಮ ಪ್ರಶ್ನೆ ಬೇರೆ. ಅವನು ಸಾವಿರಾರು ಕಿಲೋಮೀಟರ್ ದಾಟಿ ಬಂದ. ನಲವತ್ತೈದು ಕಿಲೋಮೀಟರ್ ಆಚೆಯ ಹುಣಸೂರಿನ ಹುಡುಗ ಯಾಕೆ ಬರಲಿಲ್ಲ? ಪಿರಿಯಾಪಟ್ಟಣದವನು ಎಲ್ಲಿ ಹೋದ? ಕೆ.ಆರ್. ನಗರದವನು? ಎಚ್.ಡಿ. ಕೋಟೆಯವನು?

ಬಂದಿದ್ದಾನೆ ಸ್ವಾಮಿ, ಬಂದಿದ್ದಾನೆ! ಮೈಸೂರು ಬೆಂಗಳೂರಿನ ಮಾಲುಗಳ ಬಾಗಿಲಲ್ಲಿ ಸೆಕ್ಯೂರಿಟಿ ಸಮವಸ್ತ್ರ ತೊಟ್ಟು ನಿಂತಿದ್ದಾನೆ. ಬೈಕಿನ ಹಿಂದೆ ಊಟದ ಚೀಲ ಕಟ್ಟಿಕೊಂಡು ಓಡುತ್ತಿದ್ದಾನೆ. ಗೋಡೌನಿನಲ್ಲಿ ಡಬ್ಬ ಎತ್ತುತ್ತಿದ್ದಾನೆ. ಯಾವ ಕೆಲಸವೂ ಕೀಳಲ್ಲ, ಒಪ್ಪಿದೆ. ಆದರೆ ಹತ್ತು ವರ್ಷ ದುಡಿದರೂ ಕೈಗೆ ಒಂದು ಕಸುಬು ಹತ್ತದ ಕೆಲಸಕ್ಕೆ ನಮ್ಮವನು, ನಾಲ್ಕು ವರ್ಷದಲ್ಲಿ ಸ್ವಂತ ಅಂಗಡಿ ಹಾಕಬಹುದಾದ ಕೆಲಸಕ್ಕೆ ಮತ್ತೊಬ್ಬ. ಹೀಗೇಕೆ?

ಬಿಸಿಯ ವಿದ್ಯೆ ನಮ್ಮ ಮನೆಯಲ್ಲೇ ಇದೆ

ಈ ನಾಲ್ಕು ತಾಲ್ಲೂಕುಗಳನ್ನೇ ಏಕೆ ಹೆಸರಿಸಿದೆ? ಇವು ಹೊಗೆಸೊಪ್ಪಿನ ಸೀಮೆ. ವರ್ಜೀನಿಯಾ ತಂಬಾಕು ಬೆಳೆದು, ಬ್ಯಾರನ್ನಿನಲ್ಲಿ ಬೇಯಿಸಿ, ಹರಾಜು ಕಟ್ಟೆಗೆ ಸಾಗಿಸುವ ಸೀಮೆ. ನಗರದಲ್ಲಿ ಹುಟ್ಟಿ ಬೆಳೆದ ಗೆಳೆಯರಿಗೆ ಬ್ಯಾರನ್ ಗೊತ್ತಿರಲಾರದು. ಎತ್ತರದ ಗೋಡೆಯ ಒಂದು ಕೋಣೆ. ಹೊರಗಿನಿಂದ ಸೌದೆ ಹಾಕುವ ಒಲೆ. ಒಳಗೆ ನೆಲದ ಮೇಲೆ ಹಾದುಹೋಗುವ ತಗಡಿನ ಕೊಳವೆ. ಕೊಳವೆಯೊಳಗೆ ಬೆಂಕಿಯ ಬಿಸಿ, ಕೋಣೆಯೊಳಗೆ ಹೊಗೆಯಿಲ್ಲದ ಶಾಖ. ಕಡ್ಡಿಗಳಿಗೆ ಕಟ್ಟಿದ ಹಸಿರು ಎಲೆ ಅಂತಸ್ತು ಅಂತಸ್ತಾಗಿ ಮೇಲೆ ತೂಗುತ್ತಿರುತ್ತದೆ.

ಐದಾರು ಹಗಲು, ಐದಾರು ರಾತ್ರಿ. ಮೊದಲು ತೊಂಬತ್ತು ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ, ತೇವ ಹೊರಹೋಗದಂತೆ ಗವಾಕ್ಷಿ ಮುಚ್ಚಿ, ಎಲೆಯನ್ನು ಹಳದಿಗೆ ತಿರುಗಿಸಬೇಕು. ಅವಸರ ಮಾಡಿ ಬಿಸಿ ಏರಿಸಿದರೆ ಎಲೆ ಹಸಿರಾಗಿಯೇ ಒಣಗುತ್ತದೆ. ಹಳದಿಯಾದ ಮೇಲೆ ತಡ ಮಾಡಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿಗೆ ಗವಾಕ್ಷಿ ತೆರೆದು ತೇವ ಬಿಡಬೇಕು, ಮೆಲ್ಲಮೆಲ್ಲನೆ ಬಿಸಿ ಹೆಚ್ಚಿಸಬೇಕು. ಕಡೆಗೆ ನಡುದಂಟು ಒಣಗುವ ತನಕ ನೂರಅರುವತ್ತರ ಹತ್ತಿರ ನಿಲ್ಲಿಸಬೇಕು. ರಾತ್ರಿ ಎರಡು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಬೇಕು. ಒಣ ಬಲ್ಬು ಒಂದು, ಒದ್ದೆ ಬಟ್ಟೆ ಸುತ್ತಿದ ಬಲ್ಬು ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ಗಾಳಿಯ ತೇವದ ಲೆಕ್ಕ. ಲೆಕ್ಕ ತಪ್ಪಿದರೆ ಹರಾಜಿನಲ್ಲಿ ಗ್ರೇಡ್ ಬೀಳುತ್ತದೆ, ವರ್ಷದ ದುಡಿಮೆ ಹೊಗೆಯಾಗುತ್ತದೆ.

ಏಸಿ ಇಂಜಿನಿಯರುಗಳು ದೊಡ್ಡ ದೊಡ್ಡ ಪುಸ್ತಕ ಹಿಡಿದು ಓದುವ ಪಾಠವೂ ಇದೇ! ಒಣ ಬಲ್ಬು, ಒದ್ದೆ ಬಲ್ಬು, ಗಾಳಿಯ ತೇವ, ಗಾಳಿಯ ಓಟ. ಇಂಗ್ಲಿಷಿನಲ್ಲಿ ಅದಕ್ಕೊಂದು ಭಾರೀ ಹೆಸರಿಟ್ಟು, ಒಂದು ನಕ್ಷೆ ಬರೆದು, ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಇಟ್ಟಿದ್ದಾರೆ. ಪಿರಿಯಾಪಟ್ಟಣದ ಕಡೆಯ ಹದಿನೈದರ ಹುಡುಗ ಅಪ್ಪನ ಜೊತೆ ಬ್ಯಾರನ್ ಮುಂದೆ ಕಂಬಳಿ ಹೊದ್ದು ಕೂತು ಇದನ್ನು ಕಣ್ಣಾರೆ ಕಲಿತಿರುತ್ತಾನೆ. ಅವನಿಗೆ ಬಿಸಿ ಗೊತ್ತು, ತೇವ ಗೊತ್ತು, ಗಾಳಿ ಗೊತ್ತು. ಗೊತ್ತಿಲ್ಲದ್ದು ಒಂದೇ. ತನಗೆ ಇದು ಗೊತ್ತಿದೆ ಎಂಬ ಸಂಗತಿ! ಅದನ್ನು ಅವನಿಗೆ ಹೇಳಬೇಕಾದ ಶಾಲೆ, ಹೇಳಬೇಕಾದ ಭಾಷೆಯಲ್ಲಿ ಹೇಳಲಿಲ್ಲ.

ಆ ಬ್ಯಾರನ್ನೂ ಎಷ್ಟು ದಿನ? ತಂಬಾಕಿನ ಬಳಕೆ ತಗ್ಗಿಸುವ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದಕ್ಕೆ ಭಾರತ 2004ರಲ್ಲೇ ಒಪ್ಪಿಗೆ ಕೊಟ್ಟಿದೆ. ಬೆಳೆಗಾರರಿಗೆ ಬದಲಿ ಜೀವನಮಾರ್ಗ ತೋರಿಸಬೇಕೆಂದು ಆ ಒಪ್ಪಂದದ 17ನೇ ವಿಧಿಯಲ್ಲಿ ಬರೆದಿದೆ. ಇತ್ತ ತಂಬಾಕು ಮಂಡಳಿ ವರ್ಷ ವರ್ಷ ಎಷ್ಟು ಬೆಳೆಯಬೇಕೆಂದು ಮಿತಿ ಹಾಕುತ್ತದೆ. (ಮಂಡಳಿಯ ಕೇಂದ್ರ ಕಚೇರಿ ಇರುವುದು ಆಂಧ್ರದ ಗುಂಟೂರಿನಲ್ಲಿ. ನಮ್ಮ ರೈತನ ಹಣೆಬರಹ ಅಲ್ಲಿ ಬರೆಯಲ್ಪಡುತ್ತದೆ. ಅದು ಇನ್ನೊಂದು ದಿನದ ಜಗಳ.) ಬದಲಿ ಎಂದರೆ ಅಧಿಕಾರಿಗಳ ಬಾಯಲ್ಲಿ ಯಾವಾಗಲೂ ಬದಲಿ ಬೆಳೆ: ಶುಂಠಿ ಹಾಕಿ, ಮುಸುಕಿನ ಜೋಳ ಹಾಕಿ. ಬದಲಿ ಕಸುಬು ಎಂದು ಯಾಕೆ ಯಾರ ಬಾಯಲ್ಲೂ ಬರುವುದಿಲ್ಲ? ರೈತನ ಮಗ ಮಣ್ಣನ್ನೇ ಕೆದಕುತ್ತಿರಬೇಕೆಂದು ಯಾವ ಶಾಸನದಲ್ಲಿದೆ?

ತಂಪು ಬಂಗಲೆಯ ಸೊತ್ತಲ್ಲ

ಏಸಿ ಎಂದ ಕೂಡಲೇ ಸಾಹುಕಾರರ ಮನೆ ಕಣ್ಣಮುಂದೆ ಬರುತ್ತದೆ. ಅದು ಹಳೆಯ ಮಾತು. ನಾಲ್ಕು ತಾಲ್ಲೂಕುಗಳನ್ನೇ ಒಂದು ಸುತ್ತು ಹಾಕಿ ಬನ್ನಿ.

ಹಾಲಿನ ಡೇರಿಗೆ ಹೋಗಿ. ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಬರುತ್ತದೆ. ಸಾಮೂಹಿಕ ಶೀತಲೀಕರಣ ಘಟಕದಲ್ಲಿ ಅದನ್ನು ಬೇಗ ಬೇಗ ನಾಲ್ಕು ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಬೇಕು. ಕಂಪ್ರೆಸರ್ ನಿಂತರೆ ಹಾಲು ಒಡೆಯುತ್ತದೆ, ಊರಿಗೆ ಊರೇ ಅಂದಿನ ದುಡ್ಡು ಕಳೆದುಕೊಳ್ಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಕ್ಕಳ ಲಸಿಕೆ ಇಡುವ ಪೆಟ್ಟಿಗೆ ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕು. ಹೆಚ್ಚಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೆ ಕೆಲವು ಲಸಿಕೆಗಳು ಇನ್ನೂ ಬೇಗ ಕೆಡುತ್ತವೆ. ಬೇಕರಿಯ ಗಾಜಿನ ಪೆಟ್ಟಿಗೆ, ಮೀನಿನಂಗಡಿಯ ಫ್ರೀಜರ್, ಔಷಧಿ ಅಂಗಡಿಯ ಫ್ರಿಜ್, ಎಟಿಎಂ ಗೂಡಿನ ಏಸಿ, ಚುಂಚನಕಟ್ಟೆ ಜಾತ್ರೆಯ ಐಸ್‌ಕ್ರೀಮ್ ಗಾಡಿ. ದೂರದ ಮಗ ಬರುವ ತನಕ ಹೆಣ ಇಡುವ ಬಾಡಿಗೆಯ ಶೀತಪೆಟ್ಟಿಗೆ ಕೂಡ ಈಗ ಹಳ್ಳಿಗೆ ಬಂದಿದೆ. ಹುಟ್ಟಿದ ಮಗುವಿನ ಲಸಿಕೆಯಿಂದ ಸತ್ತವನ ಪೆಟ್ಟಿಗೆಯ ತನಕ ಎಲ್ಲಕ್ಕೂ ಒಬ್ಬ ರೆಫ್ರಿಜರೇಷನ್ ಮೆಕ್ಯಾನಿಕ್ ಬೇಕು!

ಎಚ್.ಡಿ. ಕೋಟೆಯ ಕಡೆಗೆ ಬನ್ನಿ. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿಯಿತು, ಹಿನ್ನೀರು ಹರಡಿತು. ಅಣೆಕಟ್ಟೆಗೂ ಕಾಡಿನ ರಕ್ಷಣೆಗೂ ನೆಲ ಬಿಟ್ಟುಕೊಟ್ಟವರಲ್ಲಿ ಜೇನುಕುರುಬರಿದ್ದಾರೆ, ಕಾಡುಕುರುಬರಿದ್ದಾರೆ, ಯರವರಿದ್ದಾರೆ. ಇಂದು ಅದೇ ಹಿನ್ನೀರಿನ ದಡದಲ್ಲಿ ರೆಸಾರ್ಟುಗಳು ಸಾಲುಗಟ್ಟಿವೆ. ಒಂದು ರಾತ್ರಿಯ ಬಾಡಿಗೆಯಲ್ಲಿ ಹಾಡಿಯ ಒಂದು ಸಂಸಾರ ತಿಂಗಳು ಕಳೆಯುತ್ತದೆ. ಕೋಣೆಗೊಂದು ಏಸಿ, ಅಡುಗೆಮನೆಗೆ ಕೋಲ್ಡ್ ರೂಮ್. ಆ ರೆಸಾರ್ಟುಗಳಲ್ಲಿ ಹಾಡಿಯ ಹುಡುಗರು ಕಸ ಗುಡಿಸುವುದನ್ನು, ತೋಟಕ್ಕೆ ನೀರು ಹಾಯಿಸುವುದನ್ನು, ಪ್ರವಾಸಿಗಳ ಮುಂದೆ ಕುಣಿಯುವುದನ್ನು ನಾನು ನೋಡಿದ್ದೇನೆ. ಕೈಯಲ್ಲಿ ಗೇಜು ಹಿಡಿದು ಏಸಿ ಬಿಚ್ಚುವುದನ್ನು ನೋಡಿಲ್ಲ. ಅವರ ಕೈಗೆ ಪೊರಕೆಯೇ ಸಾಕೆಂದು ತೀರ್ಮಾನಿಸಿದವರು ಯಾರು?

ಕನ್ನಡದಲ್ಲಿ ಹೇಳಿದರೆ ಜೀವ ಉಳಿಯುತ್ತದೆ

ಇನ್ನು ತರಬೇತಿಯ ಮಾತು. ಐಟಿಐಗಳಲ್ಲಿ ಇದಕ್ಕೆಂದೇ ಎರಡು ವರ್ಷದ ಕಸುಬು ಇದೆ. ಮೊದಲು 'ಮೆಕ್ಯಾನಿಕ್ ರೆಫ್ರಿಜರೇಷನ್ ಅಂಡ್ ಏರ್ ಕಂಡೀಷನಿಂಗ್' ಎನ್ನುತ್ತಿದ್ದರು, ಈಗ 'ರೆಫ್ರಿಜರೇಷನ್ ಅಂಡ್ ಏರ್ ಕಂಡೀಷನಿಂಗ್ ಟೆಕ್ನಿಷಿಯನ್' ಎಂದು ಹೆಸರು ಬದಲಾಗಿದೆ. ವಿಜ್ಞಾನ, ಗಣಿತ ಓದಿ ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ಪಠ್ಯಕ್ರಮ ಬರುವುದು ದಿಲ್ಲಿಯಿಂದ. ಕಲಿಸುವವರು ನಮ್ಮವರೇ, ಕಲಿಯುವವರು ನಮ್ಮವರೇ. ನಡುವೆ ನಿಂತಿರುವುದು ಒಂದು ಪುಸ್ತಕ.

ಪಿರಿಯಾಪಟ್ಟಣ ತಾಲ್ಲೂಕಿನ ಒಬ್ಬ ಹುಡುಗ, ಹೆಸರು ಬೇಡ, ಒಂದು ವರ್ಷ ಓದಿ ಬಿಟ್ಟುಬಂದ. ಯಾಕಪ್ಪಾ ಎಂದೆ.

"ವರ್ಕ್‌ಶಾಪ್‌ನಲ್ಲಿ ನಾನೇ ಮುಂದೆ ಇದ್ದೆ ಕಣಣ್ಣ. ಪೈಪ್ ಬಗ್ಗಿಸೋದು, ಫ್ಲೇರ್ ಮಾಡೋದು, ಬೆಸುಗೆ, ಎಲ್ಲಾ ಬರೋದು. ಥಿಯರಿ ಅಂತ ಇಂಗ್ಲಿಷಲ್ಲಿ ಸಾಲು ಸಾಲು ಬೋರ್ಡಿಗೆ ಬರೆಯೋರು. ಬರ್ಕೊಳ್ತಿದ್ದೆ. ಏನು ಬರ್ಕೊಂಡೆ ಅಂತ ನಂಗೇ ಗೊತ್ತಿಲ್ಲ. ಸೂಪರ್‌ಹೀಟ್ ಅಂದ್ರೆ ಜಾಸ್ತಿ ಬಿಸಿ ಅಂತ ಅನ್ಕೊಂಡಿದ್ದೆ. ಅದಲ್ಲವಂತೆ."

ಅದಲ್ಲ ಹೌದು. ದ್ರವವೆಲ್ಲ ಆವಿಯಾಗಿ ಮುಗಿದ ಮೇಲೆ ಆ ಆವಿ ಇನ್ನೆಷ್ಟು ಡಿಗ್ರಿ ಬಿಸಿಯಾಯಿತು ಎಂಬ ಲೆಕ್ಕ ಅದು. ಅದು ಸೊನ್ನೆಗೆ ಇಳಿದರೆ ದ್ರವವೇ ಕಂಪ್ರೆಸರಿಗೆ ನುಗ್ಗಿ ಅದನ್ನು ಮುರಿಯಬಹುದು. ಎಷ್ಟು ಹೊತ್ತಾಯಿತು ಇದನ್ನು ಕನ್ನಡದಲ್ಲಿ ಹೇಳಲು? ಅರ್ಧ ನಿಮಿಷ! ಒಂದು ಟನ್ ಏಸಿ ಎಂದರೇನು? ಏಸಿಯ ತೂಕ ಎಂದುಕೊಂಡವರು ನಗರದಲ್ಲೂ ಇದ್ದಾರೆ. ಒಂದು ಟನ್ ಮಂಜುಗಡ್ಡೆಯನ್ನು ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗಿಸಲು ಎಷ್ಟು ಶಾಖ ಬೇಕೋ ಅಷ್ಟು ಶಾಖವನ್ನು ಕೋಣೆಯಿಂದ ಎತ್ತಿ ಹೊರಹಾಕುವ ಶಕ್ತಿ. ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್. ಏಸಿ ತಂಪನ್ನು ತಂದು ತುಂಬುವುದಿಲ್ಲ, ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಮಣ್ಣಿನ ಮಡಕೆಯ ಮೈಯಿಂದ ನೀರು ಆವಿಯಾಗುತ್ತಾ ಒಳಗಿನ ಬಿಸಿಯನ್ನು ಹೊತ್ತೊಯ್ಯುವುದಿಲ್ಲವೇ, ಹಾಗೆ. ಅಜ್ಜಿಯ ಮಡಕೆಯಿಂದ ಶುರು ಮಾಡಿದರೆ ಯಾವ ಹುಡುಗನಿಗೆ ಅರ್ಥವಾಗುವುದಿಲ್ಲ?

"ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿ ಹೇಗೆ ಸಾಧ್ಯ?" ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಅಯ್ಯಾ, ಕಂಪ್ರೆಸರ್ ಕಂಪ್ರೆಸರ್ ಆಗಿಯೇ ಇರಲಿ. ಅದಕ್ಕೆ 'ಸಂಪೀಡಕ' ಎಂದು ಹೆಸರಿಟ್ಟು ಹುಡುಗನನ್ನು ಇನ್ನೊಮ್ಮೆ ಹೆದರಿಸಬೇಡಿ! ಗ್ಯಾಸ್ ಗ್ಯಾಸೇ, ಕೆಪಾಸಿಟರ್ ಕೆಪಾಸಿಟರೇ. ಟ್ರ್ಯಾಕ್ಟರ್ ರಿಪೇರಿ ಮಾಡುವ ನಮ್ಮ ಮೆಕ್ಯಾನಿಕ್ಕುಗಳು ಕ್ಲಚ್ಚು, ಗೇರು, ಪಿಸ್ಟನ್ನು ಎನ್ನುತ್ತಲೇ ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿ ಕಲಿಸಿ ಶಿಷ್ಯರನ್ನು ತಯಾರಿಸಿಲ್ಲವೇ? ವಸ್ತುವಿನ ಹೆಸರು ಯಾವ ಭಾಷೆಯದಾದರೂ ಇರಲಿ. ಕಾರಣ ಹೇಳುವ ಭಾಷೆ, ಎಚ್ಚರಿಕೆ ಹೇಳುವ ಭಾಷೆ ಹುಡುಗನದೇ ಆಗಿರಬೇಕು.

ಎಚ್ಚರಿಕೆ ಎಂದೆ. ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಓಜೋನ್ ಪದರ ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅದರಂತೆ ಹಳೆಯ ಗ್ಯಾಸುಗಳು ಒಂದೊಂದಾಗಿ ಹಿಂದೆ ಸರಿದಿವೆ. ಆರ್-22ರ ಜಾತಿಯ ಗ್ಯಾಸುಗಳನ್ನು ಹಾಕಿ ಹೊಸ ಏಸಿ ತಯಾರಿಸುವುದು 2025ರ ಜನವರಿಯಿಂದ ಭಾರತದಲ್ಲಿ ನಿಂತಿದೆ. ಹಳೆಯ ಆರ್-22 ಹೊತ್ತಿಕೊಳ್ಳುವ ಗ್ಯಾಸ್ ಅಲ್ಲ. ಈಗ ಮನೆಮನೆಯ ಏಸಿಗೆ ಬಂದಿರುವ ಆರ್-32 ಸಣ್ಣಗೆ ಹೊತ್ತಿಕೊಳ್ಳಬಲ್ಲದು. ಕೆಲವು ಏಸಿಗಳಲ್ಲೂ ಫ್ರಿಜ್ಜುಗಳಲ್ಲೂ ಬರುವ ಆರ್-290 ಎಂದರೆ ಪ್ರೊಪೇನ್, ಅಡುಗೆ ಗ್ಯಾಸಿನ ಒಡಹುಟ್ಟು! ಅದನ್ನು ಹಳೆಯ ಅಭ್ಯಾಸದಂತೆ ಗಾಳಿಗೆ ಬಿಟ್ಟು, ಪಕ್ಕದಲ್ಲೇ ಬೆಸುಗೆಯ ಬೆಂಕಿ ಹಚ್ಚಿದರೆ ಗತಿಯೇನು?

ಇನ್ನೂ ಭಯಂಕರವಾದದ್ದು ಆಕ್ಸಿಜನ್. ಸೋರಿಕೆ ನೋಡಲು ನೈಟ್ರೋಜನ್ ಸಿಗಲಿಲ್ಲವೆಂದು ಬೆಸುಗೆಗೆ ತಂದ ಆಕ್ಸಿಜನ್ನನ್ನೇ ಕೊಳವೆಗೆ ತುಂಬಿದರೆ, ಕಂಪ್ರೆಸರಿನೊಳಗಿನ ಎಣ್ಣೆಯ ಜೊತೆ ಸೇರಿ ಅದು ಬಾಂಬಿನಂತೆ ಸಿಡಿಯುತ್ತದೆ. ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಕೂತಿರುತ್ತದೆ, ಅದನ್ನು ಖಾಲಿ ಮಾಡದೆ ಕೈ ಹಾಕಬಾರದು. ನಾಲ್ಕನೇ ಮಹಡಿಯ ಗೋಡೆಯಾಚೆ ನೇತುಹಾಕಿದ ಯಂತ್ರದ ಮೇಲೆ ಬೆಲ್ಟಿಲ್ಲದೆ ಹತ್ತಬಾರದು. ಈ ಮೂರು ಮಾತನ್ನು ಇಂಗ್ಲಿಷಿನಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಚೀಟಿ ಮಾಡಿ ಯಂತ್ರದ ಬೆನ್ನಿಗೆ ಅಂಟಿಸಿ, "ನಾವು ಎಚ್ಚರಿಸಿದ್ದೇವೆ" ಎನ್ನುವುದು ಯಾವ ಸೀಮೆಯ ನ್ಯಾಯ? ಓದಲು ಬಾರದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಕಂಪನಿಯ ವಕೀಲನ ತಲೆ ಉಳಿಸುವ ಚೀಟಿ ಅದು, ಮೆಕ್ಯಾನಿಕ್ಕಿನ ತಲೆ ಉಳಿಸುವುದಲ್ಲ!

ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಕನ್ನಡದಲ್ಲೂ ಹೆಸರು ವಿವರ ಇರಬೇಕೆಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶ ಹೊರಡಿಸಿತು. ಸಂತೋಷ. ಆದರೆ ನಮ್ಮ ಮನೆಗೆ ಬರುವ ಏಸಿಗಳು ತಯಾರಾಗುವುದು ಆಂಧ್ರದ ಶ್ರೀಸಿಟಿಯಲ್ಲಿ, ರಾಜಸ್ಥಾನದ ನೀಮ್ರಾಣದಲ್ಲಿ. ಆದೇಶ ಅವುಗಳ ಹತ್ತಿರವೂ ಸುಳಿಯುವುದಿಲ್ಲ. ಕರ್ನಾಟಕದಲ್ಲಿ ಮಾರುವವನು ಕರ್ನಾಟಕದ ಮೆಕ್ಯಾನಿಕ್ಕಿಗೆ ಅರ್ಥವಾಗುವ ಕೈಪಿಡಿ ಕೊಡಲಿ ಎಂದು ಕೇಳಿದರೆ ಅದು ಸಂಕುಚಿತ ಮನೋಭಾವವೇ?

ಕುರ್ಚಿಯ ಹುಚ್ಚು

ಈಗ ನಮ್ಮ ತಟ್ಟೆಯಲ್ಲಿ ಬಿದ್ದಿರುವ ನೊಣ ನೋಡೋಣ. ಕಂಪನಿಯವರು ಹೇಳುವುದೇನು? "ಸ್ಥಳೀಯರು ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ." ಇದು ಪೂರಾ ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಕೆಲಸ ಎಂದರೆ ಕುರ್ಚಿ. ಫ್ಯಾನಿನ ಕೆಳಗೆ ಕೂತು ಹನ್ನೆರಡು ಸಾವಿರಕ್ಕೆ ಕಂಪ್ಯೂಟರ್ ಕುಟ್ಟಿದರೆ 'ಆಫೀಸಿನಲ್ಲಿದ್ದಾನೆ'. ಸ್ಪ್ಯಾನರ್ ಹಿಡಿದು ಅದರ ಎರಡರಷ್ಟು ದುಡಿದರೂ 'ಏನೋ ರಿಪೇರಿ ಮಾಡ್ಕೊಂಡಿದ್ದಾನೆ'. ಹೆಣ್ಣು ಕೊಡುವವರು ಕೂಡ ಹಾಗೇ ಕೇಳುತ್ತಾರೆ. ಐಟಿಐ ಎಂದರೆ ಓದಿನಲ್ಲಿ ಹಿಂದೆ ಬಿದ್ದವರ ಕೊಟ್ಟಿಗೆ ಎಂಬ ಭಾವನೆಯನ್ನು ಹುಟ್ಟಿಸಿದವರು ಹಿಂದಿಯವರಲ್ಲ, ದಿಲ್ಲಿಯವರಲ್ಲ. ನಾವೇ! ಹೆಣ್ಣುಮಕ್ಕಳನ್ನಂತೂ ಆ ಕಡೆ ತಲೆಹಾಕಲೂ ಬಿಡುವುದಿಲ್ಲ. ಸೊಪ್ಪು ಕಟ್ಟುವುದಕ್ಕೆ, ಗ್ರೇಡ್ ಮಾಡುವುದಕ್ಕೆ ಹೆಣ್ಣಿನ ಕೈ ಬೇಕು. ಗೇಜು ಹಿಡಿಯಲು ಬೇಡವೇ?

ಮೈಸೂರು ಸೀಮೆಗೆ ಈ ಕುರ್ಚಿಯ ಹುಚ್ಚು ಹಳೆಯದಲ್ಲ. ಕೈಕಸುಬಿನ ವಿದ್ಯೆಗೆ ಅರಮನೆಯೇ ಕಟ್ಟಡ ಕಟ್ಟಿಸಿಕೊಟ್ಟ ನಾಡು ಇದು. ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇಲ್ಲೇ ಎದ್ದು ನಿಂತಿತು. ವಿಶ್ವೇಶ್ವರಯ್ಯನವರು ಮುಂದೆ ನಿಂತು 1943ರಲ್ಲಿ ಬೆಂಗಳೂರಿನಲ್ಲಿ ಕಸುಬು ಕಲಿಸುವ ಜಯಚಾಮರಾಜೇಂದ್ರ ಸಂಸ್ಥೆ ಕಟ್ಟಿಸಿದರು. ಆಹಾರ ಕೆಡದಂತೆ ಕಾಪಾಡುವ ವಿದ್ಯೆಗೆ ದೇಶಕ್ಕೇ ಹೆಸರಾದ ಸಿ.ಎಫ್.ಟಿ.ಆರ್.ಐ. 1950ರಿಂದ ಮೈಸೂರಿನ ಚೆಲುವಾಂಬ ಮಹಲಿನಲ್ಲಿದೆ. ಹುಣಸೂರು ರಸ್ತೆಯ ಬಸ್ಸುಗಳು ಅದರ ಹತ್ತಿರದಲ್ಲೇ ಹಾದುಹೋಗುತ್ತವೆ. ಎಷ್ಟು ಹುಡುಗರು ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ, ಯಾವುದೋ ದೊಡ್ಡವರ ಮನೆ ಎಂದುಕೊಂಡು ಮುಂದೆ ಹೋಗಿದ್ದಾರೋ!

ಆದರೂ 'ನಿಲ್ಲುವುದಿಲ್ಲ' ಎನ್ನುವ ಕಂಪನಿಯವರಿಗೆ ಒಂದು ಮರುಪ್ರಶ್ನೆ. ನಿಲ್ಲುವ ಹಾಗೆ ನೀವು ಇಟ್ಟುಕೊಂಡಿದ್ದೀರಾ? ಬೇಸಿಗೆಯ ಮೂರು ತಿಂಗಳು ದಿನಕ್ಕೆ ಹನ್ನೆರಡು ಗಂಟೆ ಓಡಿಸಿ, ಮಳೆ ಬಿದ್ದ ದಿನ ಮನೆಗೆ ಕಳಿಸುತ್ತೀರಿ. ಬೈಕು ಅವನದು, ಪೆಟ್ರೋಲು ಅವನದು, ಬಿದ್ದರೆ ಆಸ್ಪತ್ರೆ ಖರ್ಚೂ ಅವನದು. ತರಬೇತಿಗೆ ಕರೆದರೆ ಎರಡು ದಿನ ಹಿಂದಿಯಲ್ಲಿ ಭಾಷಣ. ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಹುಡುಗನಿಗೆ ಬೇರೆ ದಾರಿಯಿಲ್ಲ, ಸಹಿಸುತ್ತಾನೆ. ನಮ್ಮವನಿಗೆ ಹಿಂದಿರುಗಲು ಒಂದು ಮನೆ ಇದೆ, ಹೊರಡುತ್ತಾನೆ. ಇಬ್ಬರನ್ನೂ ಸುಲಿಯುವವನು ಒಬ್ಬನೇ. ಇದನ್ನು ಅರ್ಥ ಮಾಡಿಕೊಳ್ಳದೆ ಪರಭಾಷಿಕನ ಮೇಲೆ ಕಲ್ಲೆಸೆದರೆ ಸುಲಿಯುವವನು ಏಸಿ ಕೋಣೆಯಲ್ಲಿ ಕೂತು ನಗುತ್ತಾನೆ.

ವರದಿಗಳ ಕೋಲ್ಡ್ ಸ್ಟೋರೇಜ್

ಇನ್ನು ನಮ್ಮ ಘನ ಸರ್ಕಾರಗಳು! ಬಹುವಚನದಲ್ಲೇ ಹೇಳುತ್ತಿದ್ದೇನೆ, ಪಕ್ಷ ಯಾವುದಾದರೇನು. ಸರೋಜಿನಿ ಮಹಿಷಿಯವರ ಸಮಿತಿ 1986ರಲ್ಲಿ ವರದಿ ಕೊಟ್ಟಿತು. ಕೇಂದ್ರದ ಉದ್ದಿಮೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಕೆಲಸವೆಲ್ಲ ಕನ್ನಡಿಗರಿಗೇ ಸಿಗಬೇಕೆಂದಿತು. ಆ ವರದಿಗಾಗಿ ಮೆರವಣಿಗೆ ಹೊರಟವರಿಗೆ ಈಗ ಮೊಮ್ಮಕ್ಕಳಾಗಿದ್ದಾರೆ. 2024ರ ಜುಲೈನಲ್ಲಿ ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದರು. ಎರಡೇ ದಿನದಲ್ಲಿ ಮಸೂದೆ ತಡೆಹಿಡಿಯಲ್ಪಟ್ಟಿತು! ಹಾಲು ಕೆಡದಂತೆ ಇಡಲು ಬಾರದಿದ್ದರೂ ವರದಿ ಮಸೂದೆಗಳನ್ನು ಹೆಪ್ಪುಗಟ್ಟಿಸಿ ಇಡುವುದರಲ್ಲಿ ವಿಧಾನಸೌಧದಷ್ಟು ಒಳ್ಳೆಯ ಕೋಲ್ಡ್ ಸ್ಟೋರೇಜ್ ದೇಶದಲ್ಲಿಲ್ಲ.

ಮೀಸಲಾತಿ ಬೇಕು. ಅದಕ್ಕಾಗಿ ಹೋರಾಟ ನಡೆಯಲಿ. ಆದರೆ ಒಂದು ಮಾತು ಕಹಿಯಾದರೂ ಹೇಳಬೇಕು. ನಾಳೆ ಬೆಳಿಗ್ಗೆ ಶೇಕಡ ನೂರರ ಕಾನೂನು ಬಂತೆನ್ನಿ. ಕೊಳವೆಗೆ ಬೆಸುಗೆ ಹಾಕಬಲ್ಲ, ವ್ಯಾಕ್ಯೂಮ್ ಎಳೆಯಬಲ್ಲ ಕನ್ನಡದ ಹುಡುಗರನ್ನು ಎಷ್ಟು ಮಂದಿಯನ್ನು ಸಾಲಾಗಿ ನಿಲ್ಲಿಸುತ್ತೀರಿ? ಕೈಯಲ್ಲಿ ಕಸುಬಿಲ್ಲದವನಿಗೆ ಕಾನೂನು ಕೊಡುವುದು ಮತ್ತದೇ ಪೊರಕೆ.

ಕೇಂದ್ರವೇ 2019ರಲ್ಲಿ ಭಾರತದ ತಂಪು ಕಾರ್ಯಯೋಜನೆ ಎಂಬುದನ್ನು ಹೊರತಂದು, 2022-23ರೊಳಗೆ ಒಂದು ಲಕ್ಷ ಸರ್ವಿಸ್ ಟೆಕ್ನಿಷಿಯನ್ನರಿಗೆ ತರಬೇತಿ, ಪ್ರಮಾಣಪತ್ರ ಎಂದು ಗುರಿ ಹಾಕಿತು. ಆ ಲಕ್ಷದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಪಾಲೆಷ್ಟು ಎಂದು ಯಾವ ಶಾಸಕನಾದರೂ ಸದನದಲ್ಲಿ ಎದ್ದು ಕೇಳಿದ್ದನ್ನು ನಾನು ಕಂಡಿಲ್ಲ. 2022ರ ಜೂನ್‌ನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳೆಂದು ಪ್ರಧಾನಿಯವರೇ ಬಂದು ನಾಡಿಗೆ ಅರ್ಪಿಸಿದರು. ರೋಬೋಟು ಬಂತು, ವಿದ್ಯುತ್ ವಾಹನ ಬಂತು. ಬರಲಿ. ಆದರೆ ಡೇರಿಯ ಕಂಪ್ರೆಸರ್ ನಿಂತಾಗ ರೋಬೋಟು ಬರುವುದಿಲ್ಲ!

ಭಾಷೆಯ ವಿಷಯದಲ್ಲಿ 'ಸಾಧ್ಯವಿಲ್ಲ' ಎಂಬ ನೆಪವೂ ಉಳಿದಿಲ್ಲ. ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ 2024ರ ಜನವರಿಯಿಂದ ನಡೆಸುವುದಾಗಿ ಕೇಂದ್ರ ಗೃಹ ಇಲಾಖೆ ಪ್ರಕಟಿಸಿತು. ದಶಕಗಳಿಂದ ಆಗದು ಆಗದು ಎಂದವರೇ ಒತ್ತಡ ಬಂದಾಗ ಮಾಡಿದರು. ಬಂದೂಕು ಹಿಡಿಯುವ ಪರೀಕ್ಷೆ ಕನ್ನಡದಲ್ಲಿ ಆಗುತ್ತದೆ ಎಂದಾದರೆ ಗೇಜು ಹಿಡಿಯುವ ಪಾಠ ಯಾಕಾಗದು?

ಇಂಗ್ಲಿಷ್ ಬೇಡವೇ ಎಂದು ಕೇಳುತ್ತೀರಿ. ಬೇಕು. ಕೈಪಿಡಿ ಓದುವಷ್ಟು, ಗಲ್ಫಿಗೆ ಹೋದರೆ ಬದುಕುವಷ್ಟು ಇಂಗ್ಲಿಷನ್ನು ಎರಡನೇ ವರ್ಷದಲ್ಲಿ ದಿನಕ್ಕೊಂದು ಗಂಟೆ ಕಲಿಸಿ. ಅರ್ಥವಾದ ವಿದ್ಯೆಗೆ ಇಂಗ್ಲಿಷ್ ಪದ ಹೊಂದಿಸುವುದು ಕಷ್ಟವಲ್ಲ. ಅರ್ಥವಾಗದ ಇಂಗ್ಲಿಷಿನ ಮೂಲಕ ವಿದ್ಯೆ ಹೊಗಿಸಲು ಹೊರಟದ್ದರಿಂದಲೇ ನಮ್ಮ ಪಿರಿಯಾಪಟ್ಟಣದ ಹುಡುಗ ಇಂದು ಗೋಡೌನಿನಲ್ಲಿದ್ದಾನೆ.

ನಗರದ ಗೆಳೆಯರೇ, ನಿಮ್ಮಿಂದ ಆಗಬೇಕಾದ್ದು

ನಿಮ್ಮಲ್ಲಿ ಹಲವರ ಅಜ್ಜನ ಊರು ಈ ನಾಲ್ಕರಲ್ಲಿ ಒಂದು. ಗೌರಿಹಬ್ಬಕ್ಕೆ ಹೋಗುತ್ತೀರಿ, ಕೋಳಿಸಾರು ಉಂಡು ಬರುತ್ತೀರಿ. ಈ ಸಲ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹೋಗಿ. ಐಟಿಐ ಪ್ರವೇಶ ಶುರುವಾಗುವುದು ಆಗಲೇ. ತಾಲ್ಲೂಕಿನ ಸರ್ಕಾರಿ ಐಟಿಐಗೆ ಹೋಗಿ ಪ್ರಾಂಶುಪಾಲರನ್ನು ವಿನಯದಿಂದ ಕಾಣಿರಿ. ಘೋಷಣೆ ಬೇಡ, ಮಸಿ ಬೇಡ. ಅವರೂ ಬಹುಪಾಲು ನಮ್ಮಂತೆ ಕೈಕಟ್ಟಿಸಿಕೊಂಡವರೇ. ಈ ಕಸುಬು ಇಲ್ಲಿದೆಯೇ, ಸೀಟೆಷ್ಟು, ಕಾಯಂ ಬೋಧಕರಿದ್ದಾರೆಯೇ, ವ್ಯಾಕ್ಯೂಮ್ ಪಂಪು, ಗ್ಯಾಸ್ ಹಿಂಪಡೆಯುವ ಯಂತ್ರ, ಹೊತ್ತಿಕೊಳ್ಳುವ ಗ್ಯಾಸಿಗೆ ಬೇಕಾದ ಸಲಕರಣೆ ಇವೆಯೇ, ಪಾಠ ಯಾವ ಭಾಷೆಯಲ್ಲಿ, ಪುಸ್ತಕ ಯಾವ ಭಾಷೆಯಲ್ಲಿ? ಕೇಳಿ, ಬರೆದುಕೊಳ್ಳಿ. ಬಾಯಿಮಾತಿನ ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಇದೆ, ಅದನ್ನು ಕನ್ನಡದಲ್ಲೇ ಬರೆಯಬಹುದು.

ಇನ್ನೊಂದು ಅರ್ಜಿ ಮೈಸೂರು, ನಂಜನಗೂಡು ಕೈಗಾರಿಕಾ ಪ್ರದೇಶಗಳ ವಿಚಾರಕ್ಕೆ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ 2019ರಲ್ಲಿ ತಿದ್ದಿದ ನಿಯಮದ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಇದು ಯಾರ ದಯೆಯೂ ಅಲ್ಲ, ಕಾನೂನು. ಹೋಟೆಲು, ಆಸ್ಪತ್ರೆ, ಕಾರ್ಖಾನೆ, ಸಾಫ್ಟ್‌ವೇರ್ ಆವರಣ, ಎಲ್ಲಕ್ಕೂ ತಂಪಿನ ಯಂತ್ರಗಳಿವೆ. ಅಲ್ಲಿ ಈ ಕಸುಬಿನ ಅಪ್ರೆಂಟಿಸ್ ಎಷ್ಟು ಜನ, ಹುಣಸೂರು ಕೋಟೆ ಕಡೆಯವರು ಎಷ್ಟು ಜನ?

ನಿಮ್ಮಲ್ಲಿ ಇಂಜಿನಿಯರಿಂಗ್ ಓದಿದವರಿದ್ದೀರಿ. ಕನ್ನಡ ಬಾವುಟದ ಟೀ ಶರ್ಟು ತೊಟ್ಟು ನವೆಂಬರ್ ಒಂದರಂದು ಬೈಕ್ ರ‍್ಯಾಲಿ ಮಾಡುತ್ತೀರಿ. ಒಂದು ಭಾನುವಾರ ಕೂತು ಆರ್-32 ಗ್ಯಾಸಿನ ಹತ್ತು ಎಚ್ಚರಿಕೆಗಳನ್ನು ಹುಣಸೂರಿನ ಆಡುಮಾತಿನಲ್ಲಿ ಬರೆದುಕೊಡಿ. ಒಂದೇ ಹಾಳೆ ಸಾಕು. ನಾವು ಅಚ್ಚು ಹಾಕಿಸಿ ನಾಲ್ಕೂ ತಾಲ್ಲೂಕಿನ ಐಟಿಐ ಗೋಡೆಗೆ, ರಿಪೇರಿ ಅಂಗಡಿಗಳ ಬಾಗಿಲಿಗೆ ಅಂಟಿಸುತ್ತೇವೆ. ಅಷ್ಟು ಓದಿಯೂ ನಿಮಗೆ ಕನ್ನಡದಲ್ಲಿ ಬರೆಯಲು ಬರುವುದಿಲ್ಲವೆಂದಾದರೆ ಬಾಯಲ್ಲಿ ಹೇಳಿ, ನಮ್ಮ ಹುಡುಗರು ಬರೆದುಕೊಳ್ಳುತ್ತಾರೆ.

ಮುಂದಿನ ಬೇಸಿಗೆಗೆ ದೊಡ್ಡಮ್ಮನ ಏಸಿ ಮತ್ತೆ ಕೆಡುವುದು ಗ್ಯಾರಂಟಿ, ಸೋರಿಕೆ ಇನ್ನೂ ಹಾಗೇ ಇದೆ. ಕಂಪನಿಗೆ ಫೋನ್ ಮಾಡುವಾಗ ಕನ್ನಡದಲ್ಲೇ ಮಾತಾಡಿ, ಕನ್ನಡದಲ್ಲಿ ಉತ್ತರ ಬರುವ ತನಕ ಫೋನ್ ಇಡಬೇಡಿ ಎಂದು ಅವರಿಗೆ ಹೇಳಿದ್ದೇನೆ. ದೊಡ್ಡಮ್ಮ ಅಂದರು: "ಮಾತಾಡ್ತೀನಿ ಕಣೋ. ಆದ್ರೆ ರಿಪೇರಿಗೆ ಬರೋ ಹುಡುಗ ನಮ್ಮೂರ ಕಡೆಯವನು ಎಲ್ಲಾದ್ರೂ ಇದ್ರೆ ಅವನ ನಂಬರ್ ಕೊಡು ಮೊದಲು."

ಕೊಡಲು ನನ್ನ ಹತ್ತಿರ ನಂಬರ್ ಇರಲಿಲ್ಲ.